ಶೇಂಗಾ ತಡವಾದ ಎಲೆಚುಕ್ಕೆ ಸ್ಕ್ರೀನಿಂಗ್: ಚೆಕ್ ತಳಿಗೇ ರೋಗ ಸರಿಯಾಗಿ ಬಂದಿಲ್ಲ, ಅಂಕ ನಂಬಬಹುದೇ?

ತಾಕುಸಾಲು (ಪ್ರಶ್ನೆ)

ನಮಸ್ಕಾರ. ತಡವಾದ ಎಲೆಚುಕ್ಕೆ ರೋಗಕ್ಕೆ 48 ಶೇಂಗಾ ಎಂಟ್ರಿಗಳನ್ನು (ಪರೀಕ್ಷೆಗೆ ಹಾಕಿದ ತಳಿಗಳನ್ನು) ಸ್ಕ್ರೀನ್ ಮಾಡಿದ ಡೇಟಾ ಮುಂದಿದೆ. ಪ್ರತಿ ಎಂಟ್ರಿಗೆ 4 ಮೀಟರ್‌ನ ಒಂದೇ ಸಾಲು, ಅಂತರ 30×10 ಸೆಂ.ಮೀ., ಎರಡು ರೆಪ್ಲಿಕೇಶನ್ (ಎಲ್ಲ ಎಂಟ್ರಿಗಳನ್ನೂ ಎರಡು ಕಡೆ ಬಿತ್ತಲಾಗಿದೆ). ಹೋಲಿಕೆಯ ಚೆಕ್ ತಳಿಗಳಾಗಿ ಪ್ರತಿ 10 ಸಾಲಿಗೆ ಒಂದು ಸಾಲು ಟಿಎಂವಿ 2 (ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿ), ಅಲ್ಲಲ್ಲಿ ಜಿಪಿಬಿಡಿ 4 (ನಿರೋಧಕ ತಳಿ). ಬೀಜಾಣು ಸಿಂಪಡಿಸಿಲ್ಲ, ಹೊಲದಲ್ಲಿ ತಾನಾಗಿ ಬಂದ ರೋಗವಷ್ಟೇ. 90ನೇ ದಿನ ಒಂದು ಸಲ 1–9ರ ಅಂಕ (1 ಎಂದರೆ ರೋಗವಿಲ್ಲ, 9 ಎಂದರೆ ಅತಿ ಹೆಚ್ಚು) ಕೊಡಲಾಗಿದೆ.

ತೊಡಕು ಇಲ್ಲಿದೆ. ಮೊದಲ ರೆಪ್ಲಿಕೇಶನ್‌ನಲ್ಲಿ ಟಿಎಂವಿ 2ಕ್ಕೆ 8 ಬಂದಿದೆ, ಎರಡನೆಯದರಲ್ಲಿ 5, ಒಂದು ಮೂಲೆಯಲ್ಲಂತೂ 4. ಜಿಪಿಬಿಡಿ 4 ಎರಡೂ ಕಡೆ 3. ಸರಾಸರಿ 3 ಅಥವಾ ಅದಕ್ಕಿಂತ ಕಡಿಮೆ ಬಂದ ಎಂಟ್ರಿಗಳು 14. ಅವುಗಳಲ್ಲಿ 9 ತಡವಾಗಿ ಮಾಗುವ, ಅರೆ ಹಬ್ಬುವ ಗುಂಪಿನವು. ಎರಡನೇ ರೆಪ್ಲಿಕೇಶನ್‌ನಲ್ಲಿ ತುಕ್ಕು ರೋಗವೂ ಸೇರಿಕೊಂಡಿದೆ.

ಈ 14ನ್ನು ನಿರೋಧಕ ಎಂದು ಮುಂದಿನ ಹಂತಕ್ಕೆ ಒಯ್ಯಬಹುದೇ? ಮುಂದಿನ ಹಂಗಾಮಿನಲ್ಲಿ ಇಡೀ ತಾಕಿಗೆ ಒಂದೇ ಮಟ್ಟದಲ್ಲಿ ರೋಗ ಬರಬೇಕಾದರೆ ಏನೇನು ಬದಲಿಸಬೇಕು? ಕಿತ್ತ ಎಲೆಯ ಮೇಲೆ ಲ್ಯಾಬ್‌ನಲ್ಲಿ ಪರೀಕ್ಷಿಸಿದರೆ ಹೊಲದ ಕೆಲಸ ತಪ್ಪೀತೇ?

ಕಪ್ಪುಚುಕ್ಕೆ

ಈ ಡೇಟಾ ಇಟ್ಟುಕೊಂಡು ಎಂಟ್ರಿಗಳನ್ನು ಕೈಬಿಡಬಹುದು, ಆರಿಸಿಕೊಳ್ಳಲು ಬರುವುದಿಲ್ಲ. 7, 8, 9 ಬಂದದ್ದಕ್ಕೆ ರೋಗ ತಗಲಿರುವುದು ಖಂಡಿತ, ಅವನ್ನು ತೆಗೆದುಹಾಕಿ. 3 ಬಂದದ್ದಕ್ಕೆ ಮಾತ್ರ ಎರಡು ಅರ್ಥ ಸಾಧ್ಯ: ತಳಿ ತಡೆದುಕೊಂಡಿತು, ಇಲ್ಲವೇ ಬೀಜಾಣು ಅಲ್ಲಿಗೆ ತಲುಪಲೇ ಇಲ್ಲ. ಯಾವುದು ನಿಜ ಎಂದು ಹೇಳಬಲ್ಲದ್ದು ಪಕ್ಕದ ಟಿಎಂವಿ 2 ಒಂದೇ. ಅದಕ್ಕೇ 4 ಬಂದ ಮೂಲೆಯಲ್ಲಿ 3 ಪಡೆದ ಎಂಟ್ರಿಯ ಬಗ್ಗೆ ಏನೂ ತಿಳಿದಂತಾಗಲಿಲ್ಲ.

ಎರಡು ರೆಪ್ಲಿಕೇಶನ್‌ಗಳ ಸರಾಸರಿ ತೆಗೆದದ್ದು ಇನ್ನೂ ದಾರಿ ತಪ್ಪಿಸುತ್ತದೆ. ಮೊದಲನೆಯದರಲ್ಲಿ 5, ಎರಡನೆಯದರಲ್ಲಿ 1 ಬಂದರೂ ಸರಾಸರಿ 3 ಆಗಿ ಅದು ನಿಮ್ಮ 14ರ ಪಟ್ಟಿಗೆ ಸೇರಿಬಿಡುತ್ತದೆ. ಸದ್ಯಕ್ಕೆ ಮೊದಲ ರೆಪ್ಲಿಕೇಶನ್ ಒಂದನ್ನೇ ನೋಡಿ, ಹತ್ತಿರದ ಚೆಕ್‌ಗೆ 8 ಅಥವಾ ಹೆಚ್ಚು ಇದ್ದ ಕಡೆ 3ರೊಳಗೆ ನಿಂತವನ್ನು ತಾತ್ಕಾಲಿಕ ಪಟ್ಟಿಯಲ್ಲಿಡಿ. 4ರಿಂದ 6 ಬಂದವನ್ನೂ ಮತ್ತೊಮ್ಮೆ ಬಿತ್ತಿ. ಈ ರೋಗಕ್ಕೆ ಶೇಂಗಾದಲ್ಲಿ ಸಿಗುವುದು ಹೆಚ್ಚಾಗಿ ರೋಗದ ವೇಗ ತಗ್ಗಿಸುವ ಭಾಗಶಃ ನಿರೋಧಕತೆ. ಒಂದೇ ಸಾಲಿನ ತಾಕಿನಲ್ಲಿ ಎರಡೂ ಪಕ್ಕದ ರೋಗಿಷ್ಠ ಸಾಲುಗಳಿಂದ ಬೀಜಾಣು ಬಂದು ಬೀಳುತ್ತಲೇ ಇರುವುದರಿಂದ ಇಂಥ ಎಂಟ್ರಿಗಳು ಇರುವುದಕ್ಕಿಂತ ದುರ್ಬಲವಾಗಿ ಕಾಣುತ್ತವೆ. ಎರಡನೇ ಹಂತದಲ್ಲಿ 5 ಸಾಲಿನ ತಾಕು ಮಾಡಿ ನಡುವಿನ 3 ಸಾಲಿಗೆ ಮಾತ್ರ ಅಂಕ ಕೊಟ್ಟರೆ ನಿಜವಾದ ಮಟ್ಟ ಸಿಗುತ್ತದೆ.

ಈಗ ರೋಗ ಹಚ್ಚುವ ವಿಚಾರ. 10 ಸಾಲಿಗೊಂದು ಇನ್ಫೆಕ್ಟರ್ ಸಾಲು (ಅಕ್ಕಪಕ್ಕಕ್ಕೆ ರೋಗ ಹರಡಲೆಂದು ಹಾಕುವ ಸಾಲು) ಸಾಲದು. ಪ್ರತಿ 4 ಪರೀಕ್ಷಾ ಸಾಲಿಗೆ ಒಂದು ಟಿಎಂವಿ 2 ಸಾಲು ಹಾಕಿ, ತಾಕಿನ ಸುತ್ತ ಎರಡು ಸಾಲು ಅದೇ ತಳಿ ಇರಲಿ. ಇನ್ಫೆಕ್ಟರ್ ಸಾಲನ್ನು ಎಂಟ್ರಿಗಳಿಗಿಂತ ಸುಮಾರು ಎರಡು ವಾರ ಮೊದಲೇ ಬಿತ್ತಿದರೆ, ಎಂಟ್ರಿಗಳ ಎಲೆ ತುಂಬಿಕೊಳ್ಳುವ ಹೊತ್ತಿಗೆ ಅಲ್ಲಿ ರೋಗ ನೆಲೆ ನಿಂತಿರುತ್ತದೆ. ಹಿಂದಿನ ಸಲ ಶೇಂಗಾ ಬೆಳೆದ ಜಾಗವನ್ನೇ ಆರಿಸಿಕೊಳ್ಳಿ. ಸಾಮಾನ್ಯ ಬೇಸಾಯದಲ್ಲಿ ಬೇಡವೆನ್ನುವ ಹಳೆಯ ಬೆಳೆಯ ಕಸ ಇಲ್ಲಿ ಬೇಕು, ಏಕೆಂದರೆ ಎಲೆಚುಕ್ಕೆ ಶಿಲೀಂಧ್ರ ಅದರಲ್ಲೇ ಉಳಿದು ಬರುತ್ತದೆ. ಒಣಗಿಸಿಟ್ಟ ರೋಗದ ಎಲೆಗಳಿದ್ದರೆ ಇನ್ಫೆಕ್ಟರ್ ಸಾಲಿನ ಬುಡಕ್ಕೆ ಹರಡಿ.

ಇಷ್ಟಾದರೂ ಸಿಂಪಡಣೆ ಬಿಡಬೇಡಿ. ಎಂಟ್ರಿಗಳಿಗೆ 35–45 ದಿನವಾದಾಗ ಸಂಜೆ ಹೊತ್ತು ಬೀಜಾಣು ದ್ರಾವಣ ಹೊಡೆಯಬೇಕು. ಈ ಶಿಲೀಂಧ್ರ ಅಗರ್ (ಲ್ಯಾಬ್‌ನಲ್ಲಿ ಶಿಲೀಂಧ್ರ ಬೆಳೆಸುವ ಜೆಲ್ಲಿ) ಮೇಲೆ ಬಹಳ ನಿಧಾನ, ಬೀಜಾಣುವನ್ನೂ ಕಡಿಮೆ ಕೊಡುತ್ತದೆ. ಆದ್ದರಿಂದ ರೋಗದ ಎಲೆಯಿಂದಲೇ ತೆಗೆಯುವುದು ಲೇಸು. ಅಡಿಭಾಗದಲ್ಲಿ ಕಪ್ಪು ಚುಕ್ಕೆ ದಟ್ಟವಾಗಿರುವ ಎಲೆಗಳನ್ನು ತಂದು, ಒದ್ದೆ ಕಾಗದ ಹಾಸಿದ ಮುಚ್ಚಿದ ಡಬ್ಬದಲ್ಲಿ ಒಂದೆರಡು ದಿನ ಇಡಿ. ಚುಕ್ಕೆಯ ಮೇಲೆ ಬೀಜಾಣು ಗುಚ್ಛಗಳು ಉಂಗುರ ಉಂಗುರವಾಗಿ ಎದ್ದು, ಲೆನ್ಸ್‌ನಲ್ಲಿ ಮಖಮಲ್ಲಿನ ಹಾಗೆ ಕಾಣಿಸಬೇಕು. ಚುಕ್ಕೆಯ ಮೇಲೆ ಬಿಳಿ ಹತ್ತಿಯಂಥ ಬೆಳವಣಿಗೆ ಕಂಡರೆ ಆ ಎಲೆ ಬಿಸಾಡಿ. ಅದು ಎಲೆಚುಕ್ಕೆ ಶಿಲೀಂಧ್ರವನ್ನೇ ತಿನ್ನುವ ಹ್ಯಾನ್ಸ್‌ಫೋರ್ಡಿಯಾದಂಥ ಇನ್ನೊಂದು ಶಿಲೀಂಧ್ರ ಇರಬಹುದು, ದ್ರಾವಣಕ್ಕೆ ಸೇರಿದರೆ ನಿಮ್ಮ ರೋಗವನ್ನೇ ಅಡಗಿಸುತ್ತದೆ.

ನೀರಿಗೆ ಲೀಟರಿಗೆ 0.2 ಮಿ.ಲೀ. ಟ್ವೀನ್ 20 (ಸೋಪಿನಂತೆ ಕೆಲಸ ಮಾಡುವ ದ್ರವ) ಹಾಕಿ, ಚುಕ್ಕೆಗಳನ್ನು ಮೃದು ಬ್ರಷ್‌ನಿಂದ ಉಜ್ಜಿ ಬೀಜಾಣು ಬಿಡಿಸಿ, ಎರಡು ಪದರ ತೆಳು ಬಟ್ಟೆಯಲ್ಲಿ ಸೋಸಿ. ಗುರಿ ಮಿ.ಲೀ.ಗೆ 50,000 ಬೀಜಾಣು. ಹೀಮೋಸೈಟೋಮೀಟರ್‌ನ (ಎಣಿಕೆಗೆ ಚೌಕ ಕೊರೆದ ಗಾಜಿನ ಸ್ಲೈಡ್) 1 ಚದರ ಮಿ.ಮೀ. ಚೌಕದಲ್ಲಿ ಸರಾಸರಿ 5 ಸಿಕ್ಕರೆ ಅದೇ ಲೆಕ್ಕ, ಏಕೆಂದರೆ ಆ ಎಣಿಕೆಯನ್ನು 10,000ದಿಂದ ಗುಣಿಸಬೇಕು. ಇಷ್ಟು ಕಡಿಮೆ ಸಂಖ್ಯೆಯಲ್ಲಿ ಒಂದೇ ಚೌಕ ನಂಬಬೇಡಿ, ಕನಿಷ್ಠ ಎಂಟು ಹತ್ತು ಚೌಕ ಎಣಿಸಿ. ಬೀಜಾಣು ಭಾರವಾಗಿದ್ದು ಬೇಗ ತಳ ಸೇರುತ್ತದೆ. ಎಣಿಸುವ ಮುನ್ನವೂ ಸಿಂಪಡಿಸುವಾಗಲೂ ಅಲುಗಾಡಿಸುತ್ತಿರಬೇಕು, ಇಲ್ಲವಾದರೆ ಟ್ಯಾಂಕಿನ ಮೊದಲ ಸಾಲಿಗೂ ಕೊನೆಯ ಸಾಲಿಗೂ ಬೇರೆ ಬೇರೆ ಪ್ರಮಾಣ ಹೋಗುತ್ತದೆ. ಒಂದು ಹನಿಯನ್ನು ನೀರಿನ ಅಗರ್ ಮೇಲಿಟ್ಟು ಮರುದಿನ ಮೊಳಕೆ ನೋಡಿ. ಅರ್ಧಕ್ಕರ್ಧ ಮೊಳೆಯದಿದ್ದರೆ 50,000 ಎಂಬ ಅಂಕಿಗೆ ಬೆಲೆಯಿಲ್ಲ, ಹೊಸದಾಗಿ ತೆಗೆದು ಮತ್ತೆ ಸಿಂಪಡಿಸಿ.

ಬಹಳ ಕಡೆ ಕೈಕೊಡುವುದು ತೇವಾಂಶ. ಎಲೆ ಹಗಲು ರಾತ್ರಿ ಒದ್ದೆಯಿದ್ದರೆ ಒಳ್ಳೆಯದು ಎಂದುಕೊಂಡರೆ ತಪ್ಪು. ಈ ಶಿಲೀಂಧ್ರ ಒಳಹೋಗುವುದು ಪತ್ರರಂಧ್ರದ ಮೂಲಕ. ರಾತ್ರಿ ಒದ್ದೆ, ಹಗಲು ಒಣ ಎಂಬ ಸರದಿ ಇದ್ದಾಗಲೇ ಮೊಳಕೆನಾಳ ರಂಧ್ರದ ಕಡೆಗೆ ತಿರುಗುತ್ತದೆ. ಸದಾ ಒದ್ದೆಯಿದ್ದರೆ ಗುರಿಯಿಲ್ಲದೆ ಹರಿದಾಡಿ ಸೋಂಕು ಕಡಿಮೆಯಾಗುತ್ತದೆ. ಮಳೆ ಇಲ್ಲದ ದಿನ ಸಂಜೆ ಅರ್ಧ ಗಂಟೆ ತುಂತುರು ನೀರು ಕೊಡಿ, ಸಿಂಪಡಣೆಯಾದ ಮೇಲೆ ಸುಮಾರು ಒಂದು ತಿಂಗಳು. ಮಧ್ಯಾಹ್ನ ಕೊಟ್ಟರೆ ನೀರು ದಂಡ. ಸ್ಪ್ರಿಂಕ್ಲರ್‌ನ ವ್ಯಾಪ್ತಿ ತಾಕಿನ ಮೂಲೆಗೂ ತಲುಪುತ್ತದೆಯೇ ಎಂದು ಖಾಲಿ ಡಬ್ಬಗಳನ್ನಿಟ್ಟು ಅಳೆಯಿರಿ. ನಿಮ್ಮ 4 ಬಂದ ಮೂಲೆ ಗಾಳಿಗೆ ತೆರೆದು ಬೇಗ ಒಣಗುವ ಜಾಗವೇ ಎಂದೂ ನೋಡಿ.

ಕಾಯಿಕಟ್ಟು

ಮೇಲಿನದಕ್ಕೆ ಪೂರ್ತಿ ಒಪ್ಪಿಗೆ. ಆದರೆ ಆ 9 ತಡವಾಗಿ ಮಾಗುವ ಎಂಟ್ರಿಗಳ ವಿಷಯ ಚೆಕ್ ಸರಿಯಾದರೂ ಸರಿಹೋಗದು.

90ನೇ ದಿನಕ್ಕೆ 105 ದಿನದ ಗೊಂಚಲು ತಳಿ ಕಾಯಿ ತುಂಬಿಸಿ ಮುಗಿಸುತ್ತಿರುತ್ತದೆ, 130 ದಿನದ ತಳಿ ಇನ್ನೂ ಎಲೆ ಬಿಡುತ್ತಿರುತ್ತದೆ. ಹೊಸ ಎಲೆ ಸೇರುತ್ತಾ ಹೋದಂತೆ ರೋಗದ ಶೇಕಡಾವಾರು ತಾನಾಗಿ ಇಳಿಯುತ್ತದೆ. ಒಂದೇ ದಿನ ಅಂಕ ಕೊಟ್ಟರೆ ತಡವಾಗಿ ಮಾಗುವುದಕ್ಕೇ ಬಹುಮಾನ ಕೊಟ್ಟಂತೆ. ಕಾಯಿ ಕಟ್ಟದ ಗಿಡವೂ ಹಸಿರಾಗಿಯೇ ನಿಲ್ಲುತ್ತದೆ, ಎಲೆಯಲ್ಲಿದ್ದ ಸಾರ ಕಾಯಿಗೆ ಇಳಿಯುವುದಿಲ್ಲವಲ್ಲ. ಆದ್ದರಿಂದ ಎಂಟ್ರಿಗಳನ್ನು ಮಾಗುವ ಅವಧಿಯ ಮೇಲೆ ಎರಡು ಗುಂಪು ಮಾಡಿ, ತಡದ ಗುಂಪಿಗೆ ಅದೇ ಅವಧಿಯ, ರೋಗಕ್ಕೆ ತುತ್ತಾಗುವ ಬೇರೊಂದು ಚೆಕ್ ಹಾಕಿ. ಟಿಎಂವಿ 2 ಬೇಗ ಮಾಗುವ ತಳಿ, ಆ ಗುಂಪಿಗೆ ಅಳತೆಗೋಲಾಗಲಾರದು. ಕೊನೆಯ ಅಂಕವನ್ನು ಆಯಾ ಗುಂಪಿನ ಕೊಯ್ಲಿಗೆ ಸುಮಾರು 10 ದಿನ ಮೊದಲು ಕೊಡಿ. ಕಾಯಿಯ ತೂಕವನ್ನೂ ಬರೆದಿಡಿ, ಅಂಕ 3 ಬಂದು ಕಾಯಿಯೇ ಇಲ್ಲದ ಎಂಟ್ರಿ ಪಟ್ಟಿಯಲ್ಲಿ ಉಳಿಯಬಾರದು.

1–9ರ ಅಂಕಪಟ್ಟಿಯಲ್ಲಿ ಪ್ರತಿ ಮೆಟ್ಟಿಲೂ ಒಂದೇ ಎತ್ತರದ್ದಲ್ಲ: 1 ಎಂದರೆ ರೋಗವಿಲ್ಲ, 2 ಎಂದರೆ ಶೇ 1–5, 3 ಶೇ 6–10, 4 ಶೇ 11–20, 5 ಶೇ 21–30, 6 ಶೇ 31–40, 7 ಶೇ 41–60, 8 ಶೇ 61–80, 9 ಶೇ 81–100. 7ರಿಂದ 8ಕ್ಕೆ ಹೋಗುವುದು 2ರಿಂದ 3ಕ್ಕೆ ಹೋಗುವುದಕ್ಕಿಂತ ಬಹಳ ದೊಡ್ಡ ಜಿಗಿತ. ಅಂಕಗಳನ್ನೇ ಕೂಡಿ ಭಾಗಿಸುವ ಬದಲು ಮೊದಲು ಆ ವರ್ಗದ ನಡುಬೆಲೆಗೆ, ಅಂದರೆ 2ಕ್ಕೆ ಶೇ 3, 6ಕ್ಕೆ ಸುಮಾರು ಶೇ 35, 8ಕ್ಕೆ ಶೇ 70 ಎಂದು ಬದಲಿಸಿಕೊಳ್ಳಿ.

ಒಂದೇ ಸಲ ನೋಡುವುದನ್ನಂತೂ ಬಿಡಬೇಕು. 70, 85, 100ನೇ ದಿನ ನೋಡಿದ ಎರಡು ಎಂಟ್ರಿ ಇವೆಯೆನ್ನಿ. ಒಂದಕ್ಕೆ ಅಂಕ 2, 6, 6. ಇನ್ನೊಂದಕ್ಕೆ 2, 2, 6. ಕೊನೆಯ ಅಂಕ ಎರಡಕ್ಕೂ ಒಂದೇ. ರೋಗ ಪ್ರಗತಿ ರೇಖೆಯ ಕೆಳಗಿನ ವಿಸ್ತೀರ್ಣ ತೆಗೆಯಿರಿ: ಅಕ್ಕಪಕ್ಕದ ಎರಡು ಶೇಕಡಾಗಳ ಸರಾಸರಿಯನ್ನು ನಡುವಿನ ದಿನಗಳಿಂದ ಗುಣಿಸಿ ಕೂಡಿದರಾಯಿತು. ಮೊದಲನೆಯದಕ್ಕೆ 19×15 + 35×15 = 810. ಎರಡನೆಯದಕ್ಕೆ 3×15 + 19×15 = 330. ಎರಡನೆಯದು ಕಾಯಿ ತುಂಬುವ ಹೊತ್ತಿನಲ್ಲಿ ಎಲೆ ಉಳಿಸಿಕೊಂಡಿದೆ, ಇಳುವರಿಯಲ್ಲಿ ಅದು ಕಾಣಿಸುತ್ತದೆ.

ಎಲೆ ಉದುರುವಿಕೆಯನ್ನು ಕಣ್ಣಂದಾಜಿಗೆ ಬಿಡಬೇಡಿ. ಸಾಲಿನ ತುದಿಯ ಗಿಡಗಳನ್ನು ಬಿಟ್ಟು ನಡುವಿನ 5 ಗಿಡ ಗುರುತು ಮಾಡಿ, ಮುಖ್ಯ ಕಾಂಡದ ಗೆಣ್ಣುಗಳನ್ನು ಎಣಿಸಿ. ಗೆಣ್ಣಿಗೊಂದು ಎಲೆ, ಎಲೆಗೆ ನಾಲ್ಕು ಕಿರುಎಲೆ. 20 ಗೆಣ್ಣಿದ್ದರೆ 80 ಕಿರುಎಲೆ. 38 ಉದುರಿದ್ದರೆ ಶೇ 47.5. ಉದುರಿದ ಎಲೆಗಳನ್ನು ಮರೆತು, ಗಿಡದ ಮೇಲೆ ಉಳಿದ ಹಸಿರು ಎಲೆಗಳಿಗೆ ಮಾತ್ರ ಅಂಕ ಕೊಡುವುದು ಹೊಸಬರ ಕೈಯಲ್ಲಿ ಸಾಮಾನ್ಯ. ಅತಿ ಹೆಚ್ಚು ರೋಗ ಬಂದ ಎಂಟ್ರಿಯೇ ಆಗ ಚೆನ್ನಾಗಿ ಕಾಣುತ್ತದೆ. ಇಡೀ ತಾಕಿಗೆ ಒಬ್ಬರೇ ಅಂಕ ಕೊಡಲಿ. ಇಬ್ಬರು ಬೇಕೇ ಬೇಕಾದರೆ ಒಬ್ಬೊಬ್ಬರು ಒಂದೊಂದು ರೆಪ್ಲಿಕೇಶನ್ ಪೂರ್ತಿ ನೋಡಲಿ.

ತಾಕುಸಾಲು

ಇಬ್ಬರಿಗೂ ಧನ್ಯವಾದ. ಮೊದಲ ರೆಪ್ಲಿಕೇಶನ್ ಮಾತ್ರ ಇಟ್ಟುಕೊಂಡು ನೋಡಿದರೆ 14ರಲ್ಲಿ 6 ಉಳಿಯುತ್ತವೆ, ಅದರಲ್ಲಿ 4 ತಡದ ಗುಂಪಿನವು. ತುಕ್ಕಿನ ಬಗ್ಗೆ ಒಂದು ಮಾತು ಕೇಳಬೇಕು. ಹಳೆಯ ಕೈಪಿಡಿಗಳಲ್ಲಿ ತುಕ್ಕು ತಡೆಯಲು ಟ್ರೈಡೆಮಾರ್ಫ್, ಎಲೆಚುಕ್ಕೆ ತಡೆಯಲು ಕಾರ್ಬೆಂಡಜಿಮ್ ಹೊಡೆದು ಎರಡನ್ನೂ ಬೇರೆಬೇರೆಯಾಗಿ ಸ್ಕ್ರೀನ್ ಮಾಡಿ ಎಂದಿದೆ. ಈಗಲೂ ಅದೇ ದಾರಿಯೇ?

ಕಪ್ಪುಚುಕ್ಕೆ

ಟ್ರೈಡೆಮಾರ್ಫ್ ಭಾರತದಲ್ಲಿ 2018ರಲ್ಲೇ ನಿಷೇಧವಾಯಿತು, ಆ ಸಾಲನ್ನು ಕೈಪಿಡಿಯಿಂದ ಹೊಡೆದುಹಾಕಿ. ಅದರ ಜಾಗದಲ್ಲಿ ಟ್ರಯಜೋಲ್ ಗುಂಪಿನ ಶಿಲೀಂಧ್ರನಾಶಕ ಹೊಡೆಯೋಣ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ: ಅವು ತುಕ್ಕಿನ ಜೊತೆ ಎಲೆಚುಕ್ಕೆಯನ್ನೂ ತಡೆಯುತ್ತವೆ, ನಿಮ್ಮ ಪರೀಕ್ಷೆಯೇ ಮುಗಿದುಹೋಗುತ್ತದೆ. ತುಕ್ಕಿನ ಸ್ಕ್ರೀನಿಂಗ್‌ಗೆ ಕಾರ್ಬೆಂಡಜಿಮ್ ಬಳಸುವುದರಲ್ಲೂ ಒಂದು ಎಚ್ಚರ ಬೇಕು. ಈ ಗುಂಪಿನ ಔಷಧಿಗೆ ಬಗ್ಗದ ಎಲೆಚುಕ್ಕೆ ಶಿಲೀಂಧ್ರ 1970ರ ದಶಕದಲ್ಲೇ ಅಮೆರಿಕದ ಶೇಂಗಾ ಹೊಲಗಳಲ್ಲಿ ಕಾಣಿಸಿಕೊಂಡಿತ್ತು. ಹೊಡೆದ ಮೇಲೆ ಟಿಎಂವಿ 2ರಲ್ಲಿ ಚುಕ್ಕೆ ನಿಂತಿದೆಯೇ ಎಂದು ನೋಡದೆ ಮುಂದುವರಿಯಬೇಡಿ.

ಎಲೆಚುಕ್ಕೆ ತಾಕಿನಲ್ಲಿ ನನ್ನ ಆಯ್ಕೆ ಔಷಧಿಯಲ್ಲ, ಎರಡು ಕಾಲಂನ ಹಾಳೆ. ಎರಡೂ ರೋಗಕ್ಕೆ ಬೇರೆ ಬೇರೆ ಅಂಕ ಕೊಡಿ. ಗುರುತು ಕಷ್ಟವಲ್ಲ: ತುಕ್ಕು ಎಲೆಯ ಅಡಿ ಕಿತ್ತಳೆ ಬಣ್ಣದ ಗುಳ್ಳೆಯಾಗಿ ಒಡೆಯುತ್ತದೆ, ಬೆರಳಿಗೆ ಪುಡಿ ಹತ್ತುತ್ತದೆ, ತುಕ್ಕಿನಿಂದ ಒಣಗಿದ ಎಲೆ ಬೇಗ ಉದುರದೆ ಗಿಡಕ್ಕೇ ಅಂಟಿಕೊಂಡಿರುತ್ತದೆ. ಎಲೆಚುಕ್ಕೆಯದು ಉದುರುತ್ತದೆ. ಮುಂಚಿನ ಎಲೆಚುಕ್ಕೆಯನ್ನು (ಶೇಂಗಾಕ್ಕೆ ಬರುವ ಇನ್ನೊಂದು ಎಲೆಚುಕ್ಕೆ ರೋಗ) ತಡದ್ದರಿಂದ ಬೇರೆಮಾಡಲು ಹಳದಿ ಅಂಚನ್ನು ನೆಚ್ಚಬೇಡಿ, ಅದು ತಳಿ, ಹವೆಗೆ ತಕ್ಕಂತೆ ಬದಲಾಗುತ್ತದೆ. ಎಲೆ ಮಗುಚಿ ನೋಡಿ: ತಡದ್ದು ಅಡಿಯಲ್ಲಿ ಕಡುಗಪ್ಪಾಗಿದ್ದು ಬೀಜಾಣು ಹೆಚ್ಚಾಗಿ ಅಲ್ಲೇ ಏಳುತ್ತದೆ, ಮುಂಚಿನದರ ಅಡಿ ತಿಳಿಗಂದು, ಬೀಜಾಣು ಹೆಚ್ಚಾಗಿ ಮೇಲ್ಭಾಗದಲ್ಲಿ. ಸಂದೇಹವಿದ್ದರೆ ಸ್ಲೈಡ್ ಮಾಡಿ. ತಡದ್ದರ ಬೀಜಾಣು ಗಿಡ್ಡ, ದಪ್ಪ ಉರುಳೆ. ಮುಂಚಿನದು ಉದ್ದ, ಸಪೂರ, ಬಾಗಿದ್ದು, ಬಣ್ಣ ಇಲ್ಲವೆನ್ನುವಷ್ಟು ತೆಳು. ಬೀಜಾಣು ತೆಗೆಯಲು ತಂದ ಎಲೆಗಳಲ್ಲೂ ಇದೇ ತಪಾಸಣೆ ನಡೆಯಲಿ, ಎರಡನೇ ರೆಪ್ಲಿಕೇಶನ್‌ನಿಂದ ಒಂದೂ ಎಲೆ ತರಬೇಡಿ.

ಮರಳುಟ್ರೇ

ಕಿತ್ತ ಎಲೆಯ ಪರೀಕ್ಷೆ ಹೊಲಕ್ಕೆ ಬದಲಿಯಲ್ಲ, ಆದರೆ ಆ 6 ಎಂಟ್ರಿಗಳಿಗೆ ಈಗಲೇ ಮಾಡಬಹುದು. ತಡದ ಗುಂಪಿನ 4ರ ಮೇಲಿನ ಅನುಮಾನಕ್ಕೆ ಅದೇ ತಕ್ಕ ಪರೀಕ್ಷೆ, ಏಕೆಂದರೆ ಎಲ್ಲ ಎಂಟ್ರಿಗಳಿಂದ ಒಂದೇ ವಯಸ್ಸಿನ ಎಲೆ ಸಿಗುತ್ತದೆ, ಹೊಸ ಎಲೆ ಸೇರಿ ಶೇಕಡಾ ಇಳಿಯುವ ಪ್ರಶ್ನೆಯೇ ಇಲ್ಲ.

40–45 ದಿನದ ಗಿಡದ ಮುಖ್ಯ ಕಾಂಡದಲ್ಲಿ ಮೇಲಿನಿಂದ ಮೂರನೆಯ, ಪೂರ್ತಿ ಬಿಚ್ಚಿದ ಎಲೆ ತೆಗೆದುಕೊಳ್ಳಿ. ತೊಟ್ಟಿನ ಬುಡದಲ್ಲಿ ಉಬ್ಬಿದ ಗಂಟಿದೆಯಲ್ಲ, ಅದು ಸೇರಿ ಬರುವಂತೆ ಬ್ಲೇಡಿನಲ್ಲಿ ಕತ್ತರಿಸಬೇಕು. ಬೇರು ಬಿಡುವುದು ಆ ಗಂಟಿನಿಂದಲೇ. ಅದು ಕಾಂಡದಲ್ಲೇ ಉಳಿದರೆ ಎಲೆ ಬೇಗ ಹಳದಿಯಾಗಿ, ನಿರೋಧಕ ತಳಿಯೂ ಸೋತಂತೆ ಕಾಣುತ್ತದೆ. ಆಟೋಕ್ಲೇವ್ ಮಾಡಿದ ಮರಳನ್ನು ಟ್ರೇಯಲ್ಲಿ ತುಂಬಿ ಹೋಗ್ಲೆಂಡ್ ದ್ರಾವಣದಿಂದ (ಗಿಡಕ್ಕೆ ಬೇಕಾದ ಪೋಷಕಾಂಶಗಳ ನೀರು) ನೆನೆಸಿ, ಗಂಟು ಮುಚ್ಚುವಷ್ಟು ನೆಡಿ. ನೀರು ನಿಂತರೆ ತೊಟ್ಟು ಕೊಳೆಯುತ್ತದೆ. ಎಂಟ್ರಿಗೆ ಕನಿಷ್ಠ 5 ಎಲೆ, ಪ್ರತಿ ಟ್ರೇಯಲ್ಲೂ ಟಿಎಂವಿ 2, ಜಿಪಿಬಿಡಿ 4 ಇರಲಿ, ಜಾಗ ಚೀಟಿ ಎತ್ತಿ ನಿಗದಿಮಾಡಿ.

ಅದೇ 50,000ದ ದ್ರಾವಣವನ್ನು ಎಲೆಯ ಎರಡೂ ಬದಿಗೆ ಸಿಂಪಡಿಸಿ, ಪಾರದರ್ಶಕ ಪಾಲಿಥೀನ್ ಮುಚ್ಚಿ, 23–25 ಡಿಗ್ರಿ ಸೆಲ್ಸಿಯಸ್‌ನಲ್ಲಿ 12 ಗಂಟೆ ಬೆಳಕು ಕೊಡಿ. ಕುಂಡದ ಗಿಡಗಳ ಮೇಲೆ ಮಾಡುವುದಾದರೆ ಮೊದಲ ಒಂದು ವಾರ ರಾತ್ರಿ 16 ಗಂಟೆ ಮುಚ್ಚಿ, ಹಗಲು 8 ಗಂಟೆ ತೆರೆದಿಡಿ. ಒದ್ದೆ–ಒಣ ಸರದಿಯ ಕಾರಣ ಮೇಲೆ ಬಂದಿದೆ.

ಏನು ಅಳೆಯಬೇಕು ಎಂಬಲ್ಲಿ ಜನ ಎಡವುತ್ತಾರೆ. ಚುಕ್ಕೆಗಳ ಸಂಖ್ಯೆ ಎಣಿಸುವುದು ಸುಲಭ, ಆದರೆ ಸಿಂಪಡಣೆ ಕೊಂಚ ಹೆಚ್ಚುಕಮ್ಮಿಯಾದರೂ ಅದು ಏರುಪೇರಾಗುತ್ತದೆ. ಹೆಚ್ಚು ಭರವಸೆಯದು ಸುಪ್ತ ಅವಧಿ, ಅಂದರೆ ಸೋಂಕು ಹಚ್ಚಿದಂದಿನಿಂದ ಚುಕ್ಕೆ ಬೀಜಾಣು ಬಿಡಲು ಶುರುಮಾಡುವವರೆಗಿನ ದಿನಗಳು. ಜೊತೆಗೆ ಚುಕ್ಕೆಯ ವ್ಯಾಸ, ಬೀಜಾಣು ಪ್ರಮಾಣಕ್ಕೆ 1–5ರ ಅಂಕ. ಚುಕ್ಕೆಗಳನ್ನು ದಿನಾ ಲೆನ್ಸ್‌ನಲ್ಲಿ ನೋಡಿ, ಪ್ರತಿ ಎಲೆಯಲ್ಲಿ ಎಷ್ಟು ಚುಕ್ಕೆ ಬೀಜಾಣು ಬಿಟ್ಟಿದೆ ಎಂದು ಬರೆಯುತ್ತಾ ಹೋಗಿ, ಅರ್ಧದಷ್ಟು ಚುಕ್ಕೆ ಬಿಟ್ಟ ದಿನವನ್ನು ಆ ಎಲೆಯ ಸುಪ್ತ ಅವಧಿಯೆಂದು ಹಿಡಿಯಿರಿ. ನಿರೋಧಕ ತಳಿಯಲ್ಲೂ ಚುಕ್ಕೆ ಬರುತ್ತದೆ. ಅವು ಸಣ್ಣವಾಗಿದ್ದು ತಡವಾಗಿ, ಸ್ವಲ್ಪವೇ ಬೀಜಾಣು ಕೊಡುತ್ತವೆ. ಪರೀಕ್ಷೆಯನ್ನು ಎರಡನೇ ವಾರಕ್ಕೇ ಮುಗಿಸಿದರೆ ಈ ವ್ಯತ್ಯಾಸ ಕೈಗೆ ಸಿಗುವುದಿಲ್ಲ, 30 ದಿನದವರೆಗಾದರೂ ಎಲೆ ಜೀವಂತವಿರಬೇಕು.

ಡಿಎನ್‌ಎ ಮಾರ್ಕರ್ (ನಿರೋಧಕ ಗುಣವಿದೆಯೇ ಎಂದು ಸೂಚಿಸುವ ಡಿಎನ್‌ಎ ಗುರುತು) ಬಗ್ಗೆ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಜಿಪಿಬಿಡಿ 4ರ ನಿರೋಧಕತೆ ಅರಾಕಿಸ್ ಕಾರ್ಡಿನಾಸಿ ಎಂಬ ಕಾಡು ಬಂಧುವಿನಿಂದ ಬಂದದ್ದು, ಅದಕ್ಕೆ ಎ02, ಎ03 ವರ್ಣತಂತುಗಳ ಮೇಲಿನ ಮಾರ್ಕರ್‌ಗಳಿವೆ. ಎಂಟ್ರಿ ಅದೇ ಮೂಲದ್ದಾದರೆ ಉಪಯೋಗಕ್ಕೆ ಬರುತ್ತದೆ. ಬೇರೆ ಮೂಲದ ನಿರೋಧಕತೆ ಇದ್ದರೆ ಮಾರ್ಕರ್ ‘ಇಲ್ಲ’ ಎಂದೇ ತೋರಿಸುತ್ತದೆ, ಆ ಕಾರಣಕ್ಕೆ ಎಂಟ್ರಿಯನ್ನು ಬಿಡಬೇಡಿ.

ಕಾಯಿಕಟ್ಟು

ಎಲೆ ಒಂದೇ ವಯಸ್ಸಿನದು ಎಂಬುದು ಸರಿ, ಆದರೆ 40 ದಿನಕ್ಕೆ ಬೇಗ ಮಾಗುವ ತಳಿ ಹೂ ಬಿಟ್ಟು ಊಡು (ಕಾಯಿ ಕಟ್ಟಲು ಮಣ್ಣಿಗಿಳಿಯುವ ಕಡ್ಡಿ) ಇಳಿಸಲು ಶುರುಮಾಡಿರುತ್ತದೆ, ತಡದ್ದು ಇನ್ನೂ ಹಿಂದೆ ಇರಬಹುದು. ಸಾಧ್ಯವಾದರೆ ತಡದ ಗುಂಪನ್ನು ಒಂದು ವಾರ ಮೊದಲು ಬಿತ್ತಿ ಎರಡೂ ಗುಂಪಿನಲ್ಲಿ ಹೂ ಬಿಟ್ಟ ದಿನದಿಂದ ಎಣಿಸಿ ಎಲೆ ಕೀಳಿ. ಆ 4ರಲ್ಲಿ ಯಾವುದರ ಸುಪ್ತ ಅವಧಿ ಟಿಎಂವಿ 2ಕ್ಕೆ ಸಮವಾಗಿರುತ್ತದೋ ಅದು ತಡವಾಗಿ ಮಾಗಿ ಪಾರಾದದ್ದು ಎಂದು ಬರೆದು, ಹೊಲದ ಪಟ್ಟಿಯಲ್ಲಿ ಕೊನೆಗೆ ಹಾಕಿ. ಜಾಗ ಉಳಿದರೆ ಬಿತ್ತಿದರಾಯಿತು.